ಅಮೆರಿಕದ ಆದೇಶ, ಪೀಣ್ಯದ ಲೆಕ್ಕಪುಸ್ತಕ

2009ರ ಮೇ 4ರಂದು ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮಾ ತಮ್ಮ ದೇಶದ ತೆರಿಗೆ ನೀತಿಯನ್ನು ಕುರಿತು ಮಾತನಾಡುತ್ತ ಎರಡು ಊರುಗಳ ಹೆಸರನ್ನು ಹೇಳಿದರು. ಒಂದು ನ್ಯೂಯಾರ್ಕ್ ರಾಜ್ಯದ ಬಫಲೋ, ಇನ್ನೊಂದು ಬೆಂಗಳೂರು. ಬಫಲೋದಲ್ಲಿ ಉದ್ಯೋಗ ಕೊಡುವ ಕಂಪನಿಗಿಂತ ಬೆಂಗಳೂರಿನಲ್ಲಿ ಉದ್ಯೋಗ ಕೊಡುವ ಕಂಪನಿಗೆ ಕಡಿಮೆ ತೆರಿಗೆ ಬೀಳುವ ವ್ಯವಸ್ಥೆ ಬದಲಾಗಬೇಕೆಂಬುದು ಅವರ ಮಾತಿನ ಸಾರ. ಅದು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಸಾಫ್ಟ್‌ವೇರ್ ಕಂಪನಿಗಳಿಗೆ ಸಂಬಂಧಿಸಿದ ಮಾತು, ತನಗೇನು ಎಂದು ಪೀಣ್ಯದ ಯಂತ್ರಾಗಾರದ ಮಾಲೀಕನಿಗೆ ಅಂದು ಅನಿಸಿದ್ದರೆ ಅದು ಸಹಜವೇ ಆಗಿತ್ತು. ಹದಿನಾರು ವರ್ಷಗಳ ನಂತರ, 2025ರ ಆಗಸ್ಟ್ 27ರಂದು, ಅಮೆರಿಕವು ಭಾರತದ ಅನೇಕ ಸರಕುಗಳ ಮೇಲೆ ವಿಧಿಸಿದ ಹೆಚ್ಚುವರಿ ಸುಂಕ ಶೇ. 50ಕ್ಕೆ ಏರಿದಾಗ ಆ ಪ್ರಶ್ನೆಗೆ ಅವಕಾಶ ಉಳಿಯಲಿಲ್ಲ.

ಅಮೆರಿಕದ ರಾಜಕೀಯವನ್ನು ನಮ್ಮಲ್ಲಿ ಬಹುಮಟ್ಟಿಗೆ ವ್ಯಕ್ತಿಗಳ ಕಥೆಯಂತೆ ಓದಲಾಗುತ್ತದೆ. ಯಾರು ಯಾರನ್ನು ಹೊಗಳಿದರು, ಯಾರು ಯಾರ ಮೇಲೆ ಮುನಿದರು ಎಂಬುದೇ ಚರ್ಚೆಯ ವಸ್ತು. ಅದರಿಂದ ಹೊತ್ತು ಹೋಗಬಹುದು, ಲೆಕ್ಕಪುಸ್ತಕಕ್ಕೆ ಉಪಯೋಗವಿಲ್ಲ. ವ್ಯಾಪಾರಿಯು ಅಲ್ಲಿಂದ ಬರುವ ಪ್ರತಿಯೊಂದು ಸುದ್ದಿಗೂ ನಾಲ್ಕು ಪ್ರಶ್ನೆಗಳನ್ನು ಹಾಕತಕ್ಕದ್ದು: ಇದು ಯಾವ ಕಾನೂನಿನ ಬಲದಿಂದ ಬಂದಿದೆ? ಯಾವ ದಿನಾಂಕದಿಂದ ಅನ್ವಯಿಸುತ್ತದೆ? ಹಣ ಯಾರ ಹೆಸರಿನಲ್ಲಿ ಸಂದಾಯವಾಗುತ್ತದೆ? ಎಷ್ಟು ಕಾಲ ಇರುತ್ತದೆ? ಈ ನಾಲ್ಕಕ್ಕೆ ಉತ್ತರ ದೊರೆತರೆ ಎಷ್ಟು ದೊಡ್ಡ ಘೋಷಣೆಯೂ ಲೆಕ್ಕಕ್ಕೆ ಸಿಗುವ ವಿಷಯವಾಗುತ್ತದೆ.

ಪಕ್ಷ ಬದಲಾದರೂ ಬದಲಾಗದ ಧೋರಣೆ

ಒಬ್ಬ ಅಧ್ಯಕ್ಷ ಹೋಗಿ ಇನ್ನೊಬ್ಬರು ಬಂದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆಗೆ ಇತಿಹಾಸದ ಆಧಾರ ಕಡಿಮೆ. 1998ರ ಮೇ ತಿಂಗಳಿನಲ್ಲಿ ಪೋಖ್ರಾನ್ ಪರೀಕ್ಷೆಗಳು ನಡೆದಾಗ ನಿರ್ಬಂಧ ಹೇರಿದವರು ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್. ಇಸ್ರೋ ಮತ್ತು ಡಿಆರ್‌ಡಿಒ ಅಂಗಸಂಸ್ಥೆಗಳು ಅಮೆರಿಕದ ರಫ್ತು ನಿರ್ಬಂಧ ಪಟ್ಟಿಗೆ ಸೇರಿದವು. 2001ರ ಸೆಪ್ಟೆಂಬರ್‌ನಲ್ಲಿ ನಿರ್ಬಂಧಗಳ ಬಹುಭಾಗವನ್ನು ತೆರವುಗೊಳಿಸಿದವರು ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್. ಆದರೂ ಉಳಿದಿದ್ದ ಇಸ್ರೋ, ಡಿಆರ್‌ಡಿಒ ಘಟಕಗಳ ಹೆಸರು ಪಟ್ಟಿಯಿಂದ ಹೊರಬಂದದ್ದು 2011ರ ಜನವರಿಯಲ್ಲಿ. ನಿರ್ಬಂಧ ಬರಲು ಕೆಲವು ದಿನ ಸಾಕಾಯಿತು. ಪೂರ್ಣವಾಗಿ ಹೋಗಲು ಹನ್ನೆರಡು ವರ್ಷಕ್ಕೂ ಮಿಕ್ಕಿ ಹಿಡಿಯಿತು.

2018ರ ಮಾರ್ಚ್‌ನಲ್ಲಿ ಡೊನಾಲ್ಡ್ ಟ್ರಂಪ್ ಉಕ್ಕಿನ ಮೇಲೆ ಶೇ. 25, ಅಲ್ಯೂಮಿನಿಯಂ ಮೇಲೆ ಶೇ. 10 ಸುಂಕ ವಿಧಿಸಿದರು. 2019ರ ಜೂನ್ 5ರಿಂದ ಭಾರತಕ್ಕೆ ದೊರೆಯುತ್ತಿದ್ದ ಜಿಎಸ್‌ಪಿ ಸುಂಕ ರಿಯಾಯಿತಿಯನ್ನು ಹಿಂತೆಗೆದುಕೊಂಡರು. ನಂತರ ಬಂದ ಜೋ ಬೈಡನ್ ಅವರ ನಾಲ್ಕು ವರ್ಷಗಳಲ್ಲಿ ಆ ರಿಯಾಯಿತಿ ಮರಳಲಿಲ್ಲ. ಆ ಯೋಜನೆಯ ಅವಧಿಯೇ 2020ರ ಡಿಸೆಂಬರ್ 31ಕ್ಕೆ ಮುಗಿದು, ಕಾಂಗ್ರೆಸ್ ಅದನ್ನು ನವೀಕರಿಸಲಿಲ್ಲ. ಅಲ್ಲಿಯ ಕೆಳಮನೆಯ ಎಲ್ಲ 435 ಸ್ಥಾನಗಳಿಗೂ ಎರಡು ವರ್ಷಗಳಿಗೊಮ್ಮೆ ನವೆಂಬರ್‌ನಲ್ಲಿ ಚುನಾವಣೆ ನಡೆಯುತ್ತದೆ. ಮತ ಕೇಳುವವನಿಗೆ ತನ್ನ ಕ್ಷೇತ್ರದ ಮುಚ್ಚಿದ ಕಾರ್ಖಾನೆ ಕಾಣುತ್ತದೆಯೇ ಹೊರತು ಪೀಣ್ಯದ ತೆರೆದ ಕಾರ್ಖಾನೆ ಕಾಣುವುದಿಲ್ಲ. ಇದು ತಪ್ಪೋ ಸರಿಯೋ ಎಂಬುದು ಬೇರೆ ಚರ್ಚೆ. ಇದನ್ನು ತಾತ್ಕಾಲಿಕ ಗಾಳಿಯೆಂದು ಎಣಿಸದೆ ಶಾಶ್ವತ ಹವಾಮಾನವೆಂದು ಎಣಿಸುವುದೇ ವ್ಯಾಪಾರದ ವಿವೇಕ.

ಯಾವ ಕಾನೂನಿನ ಬಲ?

ಅಮೆರಿಕದ ಸಂವಿಧಾನದ ಒಂದನೆಯ ವಿಧಿಯ ಎಂಟನೆಯ ಪರಿಚ್ಛೇದವು ಸುಂಕ ವಿಧಿಸುವ ಅಧಿಕಾರವನ್ನು ಅಧ್ಯಕ್ಷರಿಗಲ್ಲ, ಕಾಂಗ್ರೆಸ್ಸಿಗೆ ಕೊಟ್ಟಿದೆ. 1930ರಲ್ಲಿ ಕಾಂಗ್ರೆಸ್ ತಾನೇ ಅತ್ಯಧಿಕ ಸುಂಕಗಳ ಸ್ಮೂಟ್-ಹಾಲೀ ಕಾಯಿದೆಯನ್ನು ಮಾಡಿತು. ಇತರ ದೇಶಗಳು ಪ್ರತೀಕಾರ ಕೈಗೊಂಡು ವ್ಯಾಪಾರ ಕುಸಿಯಿತು. 1934ರಿಂದ ಆ ಅಧಿಕಾರದ ಕೆಲವು ಭಾಗಗಳು ಒಂದೊಂದೇ ಕಾನೂನಿನ ಮೂಲಕ ಅಧ್ಯಕ್ಷರ ಕೈಗೆ ಸೇರುತ್ತ ಬಂದವು. ವ್ಯಾಪಾರಿಗಳು ಹೆಸರಿಟ್ಟು ನೆನಪಿಡತಕ್ಕವು ನಾಲ್ಕು.

ಮೊದಲನೆಯದು 1962ರ ವ್ಯಾಪಾರ ವಿಸ್ತರಣಾ ಕಾಯಿದೆಯ ಸೆಕ್ಷನ್ 232. ರಾಷ್ಟ್ರೀಯ ಭದ್ರತೆಯ ಕಾರಣ ನೀಡಿ, ತನಿಖೆ ನಡೆಸಿ, ನಿರ್ದಿಷ್ಟ ಸರಕಿನ ಮೇಲೆ ಸುಂಕ ಹಾಕಲು ಇದು ಅವಕಾಶ ಕೊಡುತ್ತದೆ. ಎರಡನೆಯದು 1974ರ ವ್ಯಾಪಾರ ಕಾಯಿದೆಯ ಸೆಕ್ಷನ್ 301. ಅನ್ಯಾಯದ ವ್ಯಾಪಾರ ಪದ್ಧತಿಗಳ ವಿರುದ್ಧ ಬಳಸುವಂಥದು. ಮೂರನೆಯದು ಅದೇ ಕಾಯಿದೆಯ ಸೆಕ್ಷನ್ 122. ಪಾವತಿ ಶಿಲ್ಕಿನ ತೊಂದರೆಯನ್ನು ಮುಂದಿಟ್ಟು ಹೆಚ್ಚೆಂದರೆ ಶೇ. 15, ಹೆಚ್ಚೆಂದರೆ 150 ದಿನ. ಅದಕ್ಕೂ ಮುಂದೆ ಹೋಗಲು ಕಾಂಗ್ರೆಸ್ಸಿನ ಅನುಮೋದನೆ ಬೇಕು. ನಾಲ್ಕನೆಯದು 1977ರ ಅಂತರರಾಷ್ಟ್ರೀಯ ತುರ್ತು ಆರ್ಥಿಕ ಅಧಿಕಾರಗಳ ಕಾಯಿದೆ.

2025ರಲ್ಲಿ ಭಾರತದ ಮೇಲೆ ಬಿದ್ದ ಎರಡು ಕಂತಿನ ಸುಂಕ, ಅಂದರೆ ಆಗಸ್ಟ್ 7ರಿಂದ ಶೇ. 25 ಮತ್ತು ರಷ್ಯಾದ ತೈಲ ಖರೀದಿಯ ಕಾರಣದಿಂದ ಆಗಸ್ಟ್ 27ರಿಂದ ಇನ್ನೂ ಶೇ. 25, ಈ ನಾಲ್ಕನೆಯ ಕಾಯಿದೆಯನ್ನು ಆಧರಿಸಿದ್ದವು. 2026ರ ಫೆಬ್ರವರಿ ಮೊದಲ ವಾರದಲ್ಲಿ ತೈಲದ ಕಾರಣದ ಕಂತು ರದ್ದಾಗಿ, ಉಳಿದುದನ್ನು ಶೇ. 18ಕ್ಕೆ ಇಳಿಸುವ ಒಪ್ಪಂದದ ಚೌಕಟ್ಟು ಪ್ರಕಟವಾಯಿತು. ಅದೇ ತಿಂಗಳ 20ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 6-3ರ ಬಹುಮತದಿಂದ, 1977ರ ಆ ಕಾಯಿದೆಯು ಸುಂಕ ಹಾಕುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿಲ್ಲವೆಂದು ತೀರ್ಪು ನೀಡಿತು. ಮೊಕದ್ದಮೆ ಹೂಡಿದವರಲ್ಲಿ ಮಕ್ಕಳ ಕಲಿಕೆಯ ಆಟಿಕೆಗಳನ್ನು ಮಾರುವ ಒಂದು ಕುಟುಂಬದ ಕಂಪನಿಯೂ ವೈನ್ ಆಮದು ಮಾಡುವ ಒಂದು ಸಣ್ಣ ಸಂಸ್ಥೆಯೂ ಇದ್ದವೆಂಬುದು ಸಣ್ಣ ವ್ಯಾಪಾರಿಗಳು ಗಮನಿಸತಕ್ಕ ಸಂಗತಿ. ತೀರ್ಪಿನ ಬೆನ್ನಿಗೇ ಸರ್ಕಾರವು ಸೆಕ್ಷನ್ 122ರ ಮೊರೆಹೊಕ್ಕು ಫೆಬ್ರವರಿ 24ರಿಂದ ಎಲ್ಲ ದೇಶಗಳಿಗೂ ಅನ್ವಯಿಸುವ ಶೇ. 10ರ ಸುಂಕವನ್ನು ಪ್ರಕಟಿಸಿತು. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲು ತೆರೆಯುತ್ತದೆ. ಆದರೆ ಪಕ್ಕದ ಬಾಗಿಲಿಗೆ ಬೇರೆ ಅಳತೆ, ಬೇರೆ ಅವಧಿ.

ಪೀಣ್ಯದಲ್ಲಿ ಒಂದೇ ರಸ್ತೆಯ ಎರಡು ಕಾರ್ಖಾನೆಗಳಿಗೆ ಈ ತೀರ್ಪು ಎರಡು ಬಗೆಯಾಗಿ ತಟ್ಟಿತು. ಸಿದ್ಧ ಉಡುಪಿನ ಘಟಕದ ಸರಕಿನ ಮೇಲಿದ್ದ ಹೆಚ್ಚುವರಿ ಸುಂಕದ ಬುಡವೇ ಅಲುಗಿತು. ಪಕ್ಕದ ಉಕ್ಕಿನ ಬಿಡಿಭಾಗಗಳ ತಯಾರಕನಿಗೆ ಅಂತಹ ಬಿಡುಗಡೆ ದೊರೆಯಲಿಲ್ಲ. 2025ರ ಜೂನ್ 4ರಿಂದ ಶೇ. 50ಕ್ಕೇರಿದ ಉಕ್ಕು, ಅಲ್ಯೂಮಿನಿಯಂ ಸುಂಕವಾಗಲಿ, ಅದೇ ವರ್ಷದ ಮೇ 3ರಿಂದ ಬಂದ ವಾಹನ ಬಿಡಿಭಾಗಗಳ ಸುಂಕವಾಗಲಿ ಸೆಕ್ಷನ್ 232ರ ಮೇಲೆ ನಿಂತಿದ್ದವು. ತೀರ್ಪು ಅದನ್ನು ಮುಟ್ಟಲಿಲ್ಲ. "ಸುಂಕ ರದ್ದಾಯಿತಂತೆ" ಎಂಬ ಒಂದು ಸಾಲಿನ ಸುದ್ದಿ ಒಬ್ಬನಿಗೆ ನಿಜ, ನೆರೆಯವನಿಗೆ ಸುಳ್ಳು. ತನ್ನ ಸರಕಿನ ಎಚ್‌ಎಸ್ ಕೋಡ್ ಯಾವ ಸೆಕ್ಷನ್ನಿನ ಪಟ್ಟಿಯಲ್ಲಿದೆ ಎಂಬುದನ್ನು ತಿಳಿಯದೆ ದರ ಒಪ್ಪುವುದು ಕತ್ತಲೆಯಲ್ಲಿ ತೂಕ ಮಾಡಿದಂತೆ.

ಇದರ ಜೊತೆಗೆ ಮಾತು, ಮಸೂದೆ, ಆದೇಶ ಇವುಗಳ ನಡುವಿನ ಅಂತರವನ್ನೂ ಅರಿಯಬೇಕು. ಅಧ್ಯಕ್ಷರ ಹೇಳಿಕೆ ಕೇವಲ ಹೇಳಿಕೆ. ಕಾಂಗ್ರೆಸ್ಸಿನಲ್ಲಿ ಮಂಡನೆಯಾದ ಮಸೂದೆ ಎರಡೂ ಸದನಗಳನ್ನು ದಾಟಿ ಅಂಕಿತ ಪಡೆಯುವವರೆಗೆ ಕಾನೂನಲ್ಲ. ಮಂಡನೆಯಾಗುವ ಸಾವಿರಾರು ಮಸೂದೆಗಳಲ್ಲಿ ಕಾನೂನಾಗುವುದು ಅಲ್ಪಭಾಗ. ಅಧ್ಯಕ್ಷರು ಸಹಿ ಮಾಡಿದ ಆದೇಶ ಫೆಡರಲ್ ರಿಜಿಸ್ಟರ್ ಎಂಬ ಅವರ ಗೆಜೆಟ್ಟಿನಲ್ಲಿ ಅಚ್ಚಾಗುತ್ತದೆ. ದಿನಾಂಕ, ಕೋಡುಗಳು, ವಿನಾಯಿತಿಗಳು ಅದರ ಅನುಬಂಧದಲ್ಲಿರುತ್ತವೆ. ಓದತಕ್ಕದ್ದು ಆ ಅನುಬಂಧವನ್ನು.

ಯಾವ ದಿನಾಂಕ?

ಸುಂಕದ ದರವನ್ನು ನಿರ್ಧರಿಸುವುದು ಆರ್ಡರಿನ ದಿನಾಂಕವಲ್ಲ, ಇನ್‌ವಾಯ್ಸಿನ ದಿನಾಂಕವೂ ಅಲ್ಲ. ಸಾಮಾನ್ಯವಾಗಿ ಸರಕು ಅಮೆರಿಕದ ಸುಂಕ ಇಲಾಖೆಯಲ್ಲಿ ದಾಖಲಾಗುವ ದಿನಾಂಕ. ದಾರಿಯಲ್ಲಿರುವ ಸರಕಿಗೆ ಕೆಲವೊಮ್ಮೆ ವಿನಾಯಿತಿ ಇರುತ್ತದೆ. 2025ರ ಆಗಸ್ಟ್ 27ರ ಕಂತಿನಲ್ಲಿ, ಆ ದಿನಾಂಕಕ್ಕೆ ಮೊದಲು ಹಡಗಿಗೆ ಏರಿ ಸೆಪ್ಟೆಂಬರ್ 17ಕ್ಕೆ ಮೊದಲು ಅಲ್ಲಿ ದಾಖಲಾದ ಸರಕಿಗೆ ಹೊಸ ಕಂತು ತಗಲಲಿಲ್ಲ.

ಬೆಂಗಳೂರಿನ ರಫ್ತುದಾರನಿಗೆ ಇಲ್ಲೊಂದು ಸೂಕ್ಷ್ಮವಿದೆ. ಸಮುದ್ರ ಇಲ್ಲದ ಊರಿನಿಂದ ಸರಕು ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋ ಮೂಲಕ ರೈಲಿನಲ್ಲಿ ಚೆನ್ನೈಗೆ ಹೋಗಿ ಹಡಗು ಹತ್ತುತ್ತದೆ. ವೈಟ್‌ಫೀಲ್ಡ್‌ನಲ್ಲಿ ಕಸ್ಟಮ್ಸ್ ಮೊಹರು ಬಿದ್ದೊಡನೆ ರಫ್ತಾಯಿತೆಂದು ನಮ್ಮ ಪುಸ್ತಕದಲ್ಲಿ ಬರೆಯಬಹುದು. ಆದರೆ ಅಮೆರಿಕದ ವಿನಾಯಿತಿ ಕೇಳುವುದು ಹಡಗಿಗೆ ಏರಿದ ದಿನವನ್ನು. ಬಂದರಿನಲ್ಲಿ ಕಾದ ನಾಲ್ಕು ದಿನ ಇಡೀ ಕಂಟೇನರಿನ ಲಾಭವನ್ನು ನುಂಗಬಲ್ಲದು. ಬಿಲ್ ಆಫ್ ಲೇಡಿಂಗಿನ ಮೇಲೆ ಹಡಗಿಗೆ ಏರಿದ ದಿನಾಂಕವಿರುವುದನ್ನು ನೋಡಿ, ಪ್ರತಿಯನ್ನು ಅಂದೇ ಖರೀದಿದಾರನಿಗೆ ಕಳುಹಿಸುವುದು ಒಳ್ಳೆಯ ಅಭ್ಯಾಸ.

ಯಾರ ಹೆಸರಿನಲ್ಲಿ?

ನಾಲ್ಕು ಪ್ರಶ್ನೆಗಳಲ್ಲಿ ಅತ್ಯಂತ ದುಬಾರಿಯಾದದ್ದು ಇದು. ಒಂದು ಲೆಕ್ಕವನ್ನು ಕಲ್ಪಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. ಪೀಣ್ಯದ ಒಂದು ಉಡುಪು ಘಟಕ ಅಂಗಿಯೊಂದಕ್ಕೆ 10 ಡಾಲರ್ ಎಫ್‌ಒಬಿ ದರದಲ್ಲಿ 20,000 ಅಂಗಿಗಳ ಆರ್ಡರ್ ಪಡೆದಿದೆ ಎಂದಿಟ್ಟುಕೊಳ್ಳೋಣ. ತಯಾರಿಕಾ ವೆಚ್ಚ 8.80 ಡಾಲರ್, ಲಾಭ 1.20. ಮೊದಲಿನಿಂದ ಇರುವ ಸಾಮಾನ್ಯ ಸುಂಕವನ್ನು ಸರಳತೆಗಾಗಿ ಬಿಡೋಣ. ಶೇ. 50 ಹೆಚ್ಚುವರಿ ಸುಂಕ ಬಿದ್ದಾಗ ಖರೀದಿದಾರನಿಗೆ ಅಂಗಿ 15 ಡಾಲರ್ ಬೀಳುತ್ತದೆ. ಹೊರೆಯನ್ನು ಹಂಚಿಕೊಳ್ಳೋಣವೆಂದು ಆತ ಕೇಳುತ್ತಾನೆ. ಹಳೆಯ ಸಂಬಂಧ, ಮುಂದಿನ ಹಂಗಾಮಿನ ಆಸೆ, ಹೊಲಿಗೆ ಯಂತ್ರಗಳ ಮುಂದೆ ಕೂತ ಹೆಣ್ಣುಮಕ್ಕಳ ಸಂಬಳ, ಎಲ್ಲವನ್ನೂ ನೆನೆದು ಮಾಲೀಕ ದರವನ್ನು 8.40ಕ್ಕೆ ಇಳಿಸುತ್ತಾನೆ. ಈಗ ಸುಂಕ 4.20, ಖರೀದಿದಾರನ ಒಟ್ಟು ವೆಚ್ಚ 12.60.

ಮಾಲೀಕ ಬಿಟ್ಟುಕೊಟ್ಟದ್ದು 32,000 ಡಾಲರ್. ಲಾಭ ಹೋಗಿ ಕೈಯಿಂದ 8,000 ಡಾಲರ್ ನಷ್ಟವೂ ಆಯಿತು. ಖರೀದಿದಾರ ಅಲ್ಲಿ ಕಟ್ಟಿದ ಸುಂಕ 84,000 ಡಾಲರ್. ಆ ಸುಂಕ ಕಾನೂನುಬಾಹಿರವೆಂದು ನ್ಯಾಯಾಲಯ ಹೇಳಿ ಮರುಪಾವತಿ ಬಂದರೆ ಅದು ಯಾರಿಗೆ? ಅಮೆರಿಕದ ಸುಂಕ ವ್ಯವಸ್ಥೆಯಲ್ಲಿ ಹಣ ಮರಳುವುದು ದಾಖಲೆಯಲ್ಲಿರುವ ಆಮದುದಾರನಿಗೆ. 84,000 ಡಾಲರ್ ಆತನಿಗೆ ಹಿಂತಿರುಗಿದರೆ 10 ಡಾಲರಿನ ಅಂಗಿ ಆತನಿಗೆ 8.40ಕ್ಕೆ ಬಿದ್ದಂತಾಯಿತು. ಪೀಣ್ಯದ ಮಾಲೀಕ ಸುಂಕ ಕಟ್ಟಿದವನಲ್ಲ, ದರ ಇಳಿಸಿದವನು ಮಾತ್ರ; ಕಾಗದದ ಮೇಲೆ ಬೇರೆ ಮಾತಿಲ್ಲದಿದ್ದರೆ ಅವನಿಗೆ ಕೇಳುವ ಹಕ್ಕಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯಂತೆ, ಅಧ್ಯಕ್ಷರಿಗೂ ನ್ಯಾಯಾಲಯಕ್ಕೂ ನಡೆದ ಜಗಳದಲ್ಲಿ ಬಡವಾಗುವುದು ಮೂರನೆಯವನು.

ಪರಿಹಾರ ಕಷ್ಟದ್ದಲ್ಲ. ಮೂಲ ದರವನ್ನು ಇಳಿಸದೆ, ರಿಯಾಯಿತಿಯನ್ನು ಸುಂಕದ ಪಾಲೆಂದು ಪ್ರತ್ಯೇಕವಾಗಿ ಹೆಸರಿಸಿ ಬರೆಯತಕ್ಕದ್ದು. ಆ ಸುಂಕ ಇಳಿದರೆ, ರದ್ದಾದರೆ ಅಥವಾ ಮರುಪಾವತಿಯಾದರೆ ಅದೇ ಪ್ರಮಾಣದಲ್ಲಿ ಮಾರಾಟಗಾರನಿಗೆ ಹಿಂತಿರುಗಿಸಬೇಕೆಂಬ ಒಂದು ವಾಕ್ಯವನ್ನು ಖರೀದಿ ಒಪ್ಪಂದದಲ್ಲಿ ಸೇರಿಸತಕ್ಕದ್ದು. ಡಿಡಿಪಿ ಷರತ್ತಿನಲ್ಲಿ ಮಾರುವವನು ಇನ್ನೂ ಎಚ್ಚರದಿಂದಿರಬೇಕು. ಅಲ್ಲಿ ಸುಂಕದ ಪೂರ್ಣ ಹೊರೆ ಮಾರಾಟಗಾರನದೇ. ಸರಕು ರವಾನೆಯಾದ ನಂತರ ಮೊತ್ತ ಇಳಿಸುವುದಾದರೆ ಅದು ಬ್ಯಾಂಕಿನ ಮೂಲಕ, ವಿದೇಶಿ ವಿನಿಮಯ ನಿಯಮಗಳಿಗೆ ಅನುಗುಣವಾಗಿ ನಡೆಯಬೇಕು. ಫೋನಿನಲ್ಲಿ ಒಪ್ಪಿದ ರಿಯಾಯಿತಿ ಮುಂದೆ ಬಾಕಿಯಾಗಿ ಕಾಣಿಸಿಕೊಂಡು ಬ್ಯಾಂಕಿನ ನೋಟಿಸಿಗೆ ಕಾರಣವಾಗುತ್ತದೆ.

ಉಕ್ಕಿನ ಸರಕಿಗೆ ಇನ್ನೊಂದು ಕಾಗದ ಬೇಕು. ಲೋಹವನ್ನು ಯಾವ ದೇಶದಲ್ಲಿ ಕರಗಿಸಿ ಎರಕ ಹೊಯ್ಯಲಾಯಿತೆಂಬ ಮಾಹಿತಿಯನ್ನು ಅಮೆರಿಕದ ಆಮದುದಾರ ಅಲ್ಲಿ ಘೋಷಿಸಬೇಕಾಗುತ್ತದೆ. ಆದುದರಿಂದ ಕಚ್ಚಾ ಮಾಲಿನ ಮಿಲ್ ಸರ್ಟಿಫಿಕೇಟನ್ನು ಲಾಟ್ ಸಂಖ್ಯೆಯ ಪ್ರಕಾರ ಕಾದಿಡುವ ಘಟಕಕ್ಕೆ ಆರ್ಡರ್ ಉಳಿಯುವ ಸಂಭವ ಹೆಚ್ಚು.

ಎಷ್ಟು ಕಾಲ?

90 ದಿನದ ತಡೆ, 150 ದಿನದ ಸೆಕ್ಷನ್, 12 ತಿಂಗಳ ಘೋಷಣೆ, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಆಯುಷ್ಯ. ಆರು ತಿಂಗಳಿಗೆ ಒಂದೇ ದರ ಕೊಡುತ್ತಿದ್ದ ಪದ್ಧತಿಯನ್ನು ಬಿಟ್ಟು, ಕೊಟೇಶನ್ನಿನಲ್ಲಿ ದರದ ಸಿಂಧುತ್ವವನ್ನು ದಿನಗಳಲ್ಲಿ ನಮೂದಿಸುವುದು ಲೇಸು. ಅಲ್ಪಾವಧಿಯ ಸುಂಕವನ್ನು ನಂಬಿ ದೀರ್ಘಾವಧಿಯ ನಿರ್ಧಾರ ಮಾಡಬಾರದು. 150 ದಿನದ ತೊಂದರೆಗೆ ಹೆದರಿ ಹತ್ತು ವರ್ಷ ತರಬೇತಾದ ಕುಶಲಕರ್ಮಿಯನ್ನು ಕಳೆದುಕೊಳ್ಳುವುದೂ ನಷ್ಟವೇ. 150 ದಿನದ ರಿಯಾಯಿತಿಯನ್ನು ನಂಬಿ ಸಾಲ ಮಾಡಿ ಹೊಸ ಯಂತ್ರ ತರುವುದೂ ನಷ್ಟವೇ.

ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್

ಸಾಫ್ಟ್‌ವೇರ್ ಸೇವೆ ಬಂದರಿನ ಮೂಲಕ ಹೋಗುವುದಿಲ್ಲವಾದ್ದರಿಂದ ಸರಕು ಸುಂಕ ಅದಕ್ಕೆ ತಗಲುವುದಿಲ್ಲ. ಅಲ್ಲಿ ರಾಜಕೀಯ ಬರುವುದು ವೀಸಾ ಮತ್ತು ತೆರಿಗೆಯ ದಾರಿಯಿಂದ. ಎಚ್-1ಬಿ ವೀಸಾಗಳ ವಾರ್ಷಿಕ ಮಿತಿ 2001ರಿಂದ 2003ರವರೆಗೆ 1,95,000 ಇದ್ದು, ನಂತರ 65,000ಕ್ಕೆ ಇಳಿಯಿತು. ಅಮೆರಿಕದಲ್ಲಿ ಉನ್ನತ ಪದವಿ ಪಡೆದವರಿಗೆ 20,000 ಪ್ರತ್ಯೇಕವಾಗಿ ಸೇರಿತು. 2010ರಲ್ಲಿ, ಹೆಚ್ಚಿನ ನೌಕರರು ಇಂತಹ ವೀಸಾಗಳ ಮೇಲಿರುವ ಕಂಪನಿಗಳಿಗೆ 2,000 ಡಾಲರ್ ಹೆಚ್ಚುವರಿ ಶುಲ್ಕ ಬಂತು. 2015ರ ಡಿಸೆಂಬರ್‌ನಲ್ಲಿ ಅದು 4,000 ಡಾಲರಾಯಿತು. 2025ರ ಸೆಪ್ಟೆಂಬರ್ 19ರ ಘೋಷಣೆಯು ಹೊಸ ಅರ್ಜಿಗಳಿಗೆ 1,00,000 ಡಾಲರ್ ಪಾವತಿಯನ್ನು ವಿಧಿಸಿತು. ಅದೇ ತಿಂಗಳು ಸೆನೆಟ್ ಸದಸ್ಯ ಬರ್ನಿ ಮೊರೆನೋ ಹೊರಗುತ್ತಿಗೆಯ ಪಾವತಿಗಳ ಮೇಲೆ ಶೇ. 25 ತೆರಿಗೆಯ ಮಸೂದೆ ಮಂಡಿಸಿದರು. ಘೋಷಣೆ ಜಾರಿಗೆ ಬಂದ ಕ್ರಮ, ಮಸೂದೆ ಕೇವಲ ಪ್ರಸ್ತಾಪ; ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು.

ಈ ಭಾಗದ ಸಣ್ಣ ವ್ಯಾಪಾರಿಗೆ ಇದರಲ್ಲಿ ಎರಡು ಮುಖಗಳಿವೆ. ಹೋಗಬೇಕಾದವನು ಹೋಗಲಾಗದಿದ್ದರೆ ಕೆಲಸವೇ ಇಲ್ಲಿಗೆ ಬರಬಹುದು. ವಿದೇಶಿ ಕಂಪನಿಗಳು ವೈಟ್‌ಫೀಲ್ಡ್ ಸುತ್ತ ತಮ್ಮದೇ ಕೇಂದ್ರಗಳನ್ನು ತೆರೆದಿರುವುದಕ್ಕೆ ಇದೂ ಒಂದು ಕಾರಣ. ಆದರೆ ಅದೇ ಕಂಪನಿಗಳು ಖರ್ಚು ಕಡಿತಕ್ಕೆ ಇಳಿದಾಗ ಮೊದಲು ಕೈಬಿಡುವುದು ಕ್ಯಾಂಟೀನ್ ಗುತ್ತಿಗೆ, ವಾಹನ ಗುತ್ತಿಗೆ, ಪೀಠೋಪಕರಣದ ಆರ್ಡರ್‌ಗಳನ್ನು. ಒಂದೇ ಕ್ಯಾಂಪಸ್ಸನ್ನು ನಂಬಿದ ಪೂರೈಕೆದಾರನ ಸ್ಥಿತಿ ಒಂದೇ ಖರೀದಿದಾರನನ್ನು ನಂಬಿದ ರಫ್ತುದಾರನಿಗಿಂತ ಬೇರೆಯಲ್ಲ.

ರಫ್ತು ಮಾಡದವನ ರಫ್ತು

ಪೀಣ್ಯದ ಅನೇಕ ಘಟಕಗಳು ತಾವು ರಫ್ತುದಾರರಲ್ಲವೆಂದೇ ತಿಳಿದಿರುತ್ತವೆ. ಜಾಬ್ ವರ್ಕ್ ಮಾಡಿ ದೊಡ್ಡ ಕಂಪನಿಗೆ ಕೊಡುತ್ತವೆ. ಅದು ಜೋಡಿಸಿ ಹೊರಗೆ ಕಳುಹಿಸುತ್ತದೆ. ಇಂತಹವರಿಗೆ ಅಮೆರಿಕದ ಆದೇಶ ಬರುವುದು ಆದೇಶದ ರೂಪದಲ್ಲಲ್ಲ. "ಈ ತಿಂಗಳ ಶೆಡ್ಯೂಲ್ ಅರ್ಧ" ಎಂಬ ಸಂದೇಶದ ರೂಪದಲ್ಲಿ, ಅಥವಾ ಪಾವತಿಯ ವಿಳಂಬದ ರೂಪದಲ್ಲಿ. ತಮ್ಮ ಮಾಲು ಕೊನೆಗೆ ಯಾವ ದೇಶ ಸೇರುತ್ತದೆಂದು ಗ್ರಾಹಕ ಕಂಪನಿಯನ್ನು ಕೇಳಿ ತಿಳಿದು, ವಹಿವಾಟಿನ ಎಷ್ಟು ಪಾಲು ಅಮೆರಿಕವನ್ನು ಅವಲಂಬಿಸಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡತಕ್ಕದ್ದು.

ಪಾವತಿಯ ವಿಷಯದಲ್ಲಿ ನಮ್ಮದೇ ಕಾನೂನಿನ ಬಲವಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಹಣ ಸಲ್ಲಬೇಕು. ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರೀದಿದಾರ ವೆಚ್ಚವೆಂದು ತೋರಿಸಬಹುದೆಂಬ ತೆರಿಗೆ ನಿಯಮವನ್ನು 2023ರ ಹಣಕಾಸು ಕಾಯಿದೆ ತಂದಿತು. ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸಿನ ಮೇಲೆ ಮುದ್ರಿಸುವುದು ಈ ಹಕ್ಕಿನ ಮೊದಲ ಮೆಟ್ಟಿಲು. ನೇರ ರಫ್ತುದಾರರಿಗೆ ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ ರಫ್ತಿನ ಹಣ ತರುವ ಅವಧಿಯನ್ನು 9 ತಿಂಗಳಿನಿಂದ 15 ತಿಂಗಳಿಗೆ ವಿಸ್ತರಿಸಿತು. ಇದು ಉಪಕಾರವೇ, ಆದರೆ ಗಡುವು ಮುಂದೆ ಹೋದ ಮಾತ್ರಕ್ಕೆ ಬಡ್ಡಿ ನಿಲ್ಲುವುದಿಲ್ಲ. ದುಡಿಯುವ ಬಂಡವಾಳ ಅಮೆರಿಕದ ಗೋದಾಮಿನಲ್ಲಿ ಮಲಗಿದ್ದರೆ ಪೀಣ್ಯದಲ್ಲಿ ಸಂಬಳದ ದಿನ ಮುಂದೆ ಹೋಗದು.

ವಾಷಿಂಗ್ಟನ್ನಿನಲ್ಲಿ ಯಾರು ಗೆಲ್ಲಬೇಕೆಂಬುದು ಅಲ್ಲಿಯ ಮತದಾರರಿಗೆ ಬಿಟ್ಟದ್ದು. ಯಾರು ಗೆದ್ದರೂ ಪೀಣ್ಯದ ಘಟಕ ನಡೆಯಬೇಕು. ಪ್ರತಿ ತಿಂಗಳ ಮೊದಲ ವಾರದಲ್ಲಿ ಅರ್ಧ ಗಂಟೆ ಮೀಸಲಿಟ್ಟು, ಕೈಯಲ್ಲಿರುವ ಪ್ರತಿಯೊಂದು ಅಮೆರಿಕದ ಆರ್ಡರಿನ ಎದುರಿಗೆ ಕಾನೂನು, ದಿನಾಂಕ, ಹೆಸರು, ಅವಧಿ ಎಂಬ ನಾಲ್ಕು ಕಲಂಗಳನ್ನು ತುಂಬಿದರೆ ಸಾಕು. ಯಾವ ಕಲಂ ಖಾಲಿ ಉಳಿಯುತ್ತದೆಯೋ ಆ ಆರ್ಡರಿನ ಅಪಾಯ ಅಲ್ಲಿಯೇ ಇದೆ. ಮಾಲು ಹೊರಡುವ ಮೊದಲು ಆ ಕಲಂ ತುಂಬಿಸಿಕೊಳ್ಳತಕ್ಕದ್ದು.